‘ಪಾಪ’ ಎನ್ನುವ ಮಾತು

ಕನ್ನಡದಲ್ಲಿ ‘ಪಾಪ’ ಎನ್ನುವ ಪದಕ್ಕೆ ಎರಡು ಕೆಲಸ. ಕೊಲೆ ಮಾಡಿದವನು ಮಾಡಿದ್ದು ಪಾಪ. ಬಸ್ ಸ್ಟ್ಯಾಂಡಿನಲ್ಲಿ ಕೈ ಊರಿಕೊಂಡು ತೆವಳುವವನನ್ನು ಕಂಡಾಗ ನಮ್ಮ ಬಾಯಿಂದ ಹೊರಡುವುದೂ ‘ಅಯ್ಯೋ ಪಾಪ’. ಅಪರಾಧಕ್ಕೂ ಕನಿಕರಕ್ಕೂ ಒಂದೇ ಪದ ಹೇಗೆ ಬಂತು ಅಂತ ನಾವು ಯಾರೂ ಕೇಳಿಕೊಳ್ಳುವುದಿಲ್ಲ. ಮಗುವಿಗೂ ಪಾಪ ಅನ್ನುತ್ತಾರೆ, ಕನಿಕರದ ಪಾಪ ಅಲ್ಲಿಂದ ಬಂದಿರಬೇಕು ಅಂತ ಪಂಡಿತರು ವಾದ ಮಾಡಬಹುದು. ಮಾಡಲಿ. ಹಾಗಾದರೂ ನನ್ನ ತಕರಾರು ಉಳಿದೇ ಇರುತ್ತದೆ. ಎಪ್ಪತ್ತು ವರ್ಷದ ಮನುಷ್ಯನನ್ನು, ಅವನ ಕಾಲು ಸರಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮಗು ಮಾಡಿ ಕೂರಿಸುವುದು ಯಾವ ನ್ಯಾಯ?

ಆದರೆ ನಮ್ಮ ಜನರ ಮನಸ್ಸಿನಲ್ಲಿ ಈ ಎರಡು ಪಾಪಗಳೂ ಬೇರೆಬೇರೆ ಅಲ್ಲ. ‘ಏನು ಪಾಪ ಮಾಡಿದ್ನೋ, ಹಿಂಗೆ ಹುಟ್ಟಿದ’ ಅನ್ನುವ ಮಾತು ಪ್ರತಿ ಊರಿನ ಜಗಲಿಯ ಮೇಲೂ ಕೂತಿದೆ. ಇದು ಅಕ್ಷರ ಬಾರದವರ ಮೂಢನಂಬಿಕೆ ಎಂದು ಓದಿದವರು ನಗುತ್ತಾರೆ. ಅಕ್ಷರ ಬಲ್ಲವರೇ ಇದನ್ನು ಬರೆದಿಟ್ಟದ್ದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ತೆಗೆದು ನೋಡಿ. ಯಾವ ಪಾಪಕ್ಕೆ ದೇಹದ ಯಾವ ಊನ ಎಂಬ ಪಟ್ಟಿಯೇ ಇದೆ. ದೀಪ ಕದ್ದವನು ಕುರುಡನಾಗುತ್ತಾನೆ. ಕುದುರೆ ಕದ್ದವನು ಕುಂಟನಾಗುತ್ತಾನೆ. ಮಾತನ್ನು ಕದ್ದವನು ಮೂಕನಾಗುತ್ತಾನೆ. ಮಾತು ಕದಿಯುವುದು ಅಂದರೇನು? ಅಪ್ಪಣೆ ಇಲ್ಲದೆ ವೇದ ಕಲಿಯುವುದು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಇನ್ನು ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಕೆಟ್ಟ ನಡತೆಯವರು ನಾಯಿಯಾಗಿ, ಹಂದಿಯಾಗಿ, ಇಲ್ಲವೆ ಚಂಡಾಲರಾಗಿ ಹುಟ್ಟುತ್ತಾರೆ.

ಅಂದರೆ ಕೇರಿಯಲ್ಲಿ ಹುಟ್ಟಿದ ಹುಡುಗ, ಕಾಲು ಸೊಟ್ಟಗಾದ ಮುದುಕ, ಇಬ್ಬರ ಮೇಲೂ ಇರುವುದು ಒಂದೇ ಆರೋಪ. ತನಿಖೆ ಆಗಿಲ್ಲ, ಸಾಕ್ಷಿ ಇಲ್ಲ, ಶಿಕ್ಷೆ ಮಾತ್ರ ನಡೆಯುತ್ತಿದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟಾಗ ಆ ಪಟ್ಟಿಯೂ ಅದರೊಂದಿಗೆ ಉರಿಯಿತು. ನಮ್ಮ ಜಾತಿಯನ್ನು ಪಾಪದ ಫಲ ಎಂದರೆ ನಾವು ಇಂದು ಕೊರಳಪಟ್ಟಿ ಹಿಡಿಯುತ್ತೇವೆ. ಅದೇ ನಾವು, ನಮ್ಮದೇ ಕೇರಿಯ ಕುರುಡು ಹೆಂಗಸನ್ನು ಕಂಡು ‘ಯಾವ ಜನ್ಮದ್ದೋ’ ಅನ್ನುತ್ತೇವೆ. ಆ ಪುಸ್ತಕದ ಒಂದು ಹಾಳೆಯನ್ನು ಬೆಂಕಿಯಿಂದ ಎತ್ತಿ ಜೇಬಿನಲ್ಲಿ ಇಟ್ಟುಕೊಂಡವರ ಹಾಗೆ.

ನಾನು ಇಲ್ಲಿ ಎತ್ತಬೇಕಾದ ಪ್ರಶ್ನೆ ಇದಕ್ಕಿಂತ ಸ್ವಲ್ಪ ಬೇರೆ. ಒಬ್ಬನಿಗೆ ಇನ್ನೊಬ್ಬನ ಸಹಾಯ ದಿನಬೆಳಗಾದರೆ ಬೇಕು. ಹೀಗಿರುವಾಗ ಅವರಿಬ್ಬರ ನಡುವೆ ಇರುವುದನ್ನು ಗೆಳೆತನ ಎನ್ನಬಹುದೆ? ಅಥವಾ ಸೇವೆ, ಕರುಣೆ, ಪುಣ್ಯ ಅಂತ ಬೇರೆ ಹೆಸರು ಇಡಬೇಕೆ? ಗೆಳೆತನ ಸಮಾನರ ನಡುವೆ ಮಾತ್ರ ಸಾಧ್ಯ ಎಂದು ಹಿಂದಿನವರು ಹೇಳಿದ್ದಾರೆ. ದ್ರೋಣ–ದ್ರುಪದರ ಕಥೆ ಎಲ್ಲರಿಗೂ ಗೊತ್ತು. ರಾಜನಾದ ದ್ರುಪದ, ಬಡವನಿಗೂ ಸಿರಿವಂತನಿಗೂ ಎಲ್ಲಿಯ ಸ್ನೇಹ ಅಂತ ದ್ರೋಣನನ್ನು ಹೊರಗೆ ಕಳಿಸಿದ. ಆ ಅವಮಾನ ಉಂಡ ದ್ರೋಣನೇ ಮುಂದೆ ಒಬ್ಬ ಬೇಡರ ಹುಡುಗನ ಹೆಬ್ಬೆರಳು ಕತ್ತರಿಸಿಕೊಂಡ. ನಮ್ಮ ಪುರಾಣದಲ್ಲಿ ಹುಡುಗನೊಬ್ಬನನ್ನು ಅಂಗವಿಕಲ ಮಾಡಿದ್ದು ಕರ್ಮವಲ್ಲ, ಮೇಷ್ಟ್ರು. ಮೇಷ್ಟ್ರುಗಳೂ ಈ ಪತ್ರಿಕೆ ಓದುತ್ತಾರೆ ಅಂತ ಗೊತ್ತಿದ್ದೇ ಬರೆದಿದ್ದೇನೆ.

ನನಗೆ ಗೊತ್ತಿರುವ ಗೆಳೆತನವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಹೆಸರು ಬೇಡ. ನಮ್ಮ ಕೇರಿಯಲ್ಲಿ ಎಲ್ಲರೂ ಅವರನ್ನು ಅಜ್ಜಯ್ಯ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಸಂಬಂಧದಲ್ಲಿ ನನಗೆ ಏನೂ ಆಗಬೇಕಾಗಿರಲಿಲ್ಲ. ನನಗಾಗ ಹದಿನೈದು–ಹದಿನಾರು, ಅವರಿಗೆ ಎಪ್ಪತ್ತರ ಹತ್ತಿರ. ಸೊಂಟ ಮತ್ತು ಮಂಡಿಯ ಕೀಲುಗಳು ಹಿಡಿದುಕೊಂಡು ಬಿಟ್ಟಿದ್ದವು. ಎರಡು ಕೋಲು ಊರಿ ಬಾತುಕೋಳಿಯ ಹಾಗೆ ವಾಲಿ ವಾಲಿ ನಾಲ್ಕು ಮಾರು ನಡೆಯುತ್ತಿದ್ದರು. ನೋವು ಹೆಚ್ಚಾದ ದಿನ ನೆಲದ ಮೇಲೆ ಕೂತೇ ಕೈಯಿಂದ ತಳ್ಳಿಕೊಂಡು ಸರಿಯುತ್ತಿದ್ದರು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಗರದ ಹತ್ತಿರದ ಹಂದಿಗೋಡು ಎಂಬ ಊರಿನ ಹೆಸರನ್ನೇ ಈ ಕಾಯಿಲೆಗೆ ಇಟ್ಟಿದ್ದಾರೆ. 1970ರ ದಶಕದ ಮಧ್ಯದಲ್ಲಿ ಇದು ವೈದ್ಯರ ಗಮನಕ್ಕೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ, ಅದರಲ್ಲೂ ಚಲವಾದಿ, ಚನ್ನಂಗಿ ಎಂಬ ಎರಡು ದಲಿತ ಸಮುದಾಯಗಳಲ್ಲೇ ಹೆಚ್ಚಾಗಿ ಕಂಡದ್ದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಿಗೆ ಸೇರಿ, ಏಡಿ ತಿಂದ ಬಡವರಿಗೆ ಹೀಗಾಯಿತು ಎಂಬ ಊಹೆ ಹುಟ್ಟಿತು. ಆಮೇಲಿನ ಅಧ್ಯಯನಗಳು ಇದು ವಂಶವಾಹಿಯಿಂದ ಬರುವ ಎಲುಬು–ಕೀಲಿನ ತೊಂದರೆ ಎಂದವು. ಏಡಿಯ ಮಾತು ಬಂದಾಗ ಅಜ್ಜಯ್ಯ ನಗುತ್ತಿದ್ದರು: ‘ಏಡಿ ತಿನ್ನಬೇಡಿ ಅಂದ್ರು. ಸರಿ ಮಾರಾಯ. ಅದರ ಬದ್ಲಿಗೆ ಎಂತ ತಿನ್ಬೇಕು ಅಂತ ಯಾರೂ ಹೇಳ್ಲಿಲ್ಲ.’

ಅವರನ್ನು ನೋಡಲು ಬಂದವರ ಲೆಕ್ಕ ಅವರ ಬಾಯಲ್ಲೇ ಕೇಳಬೇಕಿತ್ತು. ರಕ್ತ ತೆಗೆದುಕೊಂಡು ಹೋದವರು, ಎಕ್ಸರೇ ತೆಗೆದವರು, ಅಂಗಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಫೋಟೋ ಹೊಡೆದವರು, ಹಬ್ಬದ ದಿನ ಬಾಳೆಹಣ್ಣು ಹಂಚಿ ಅದರ ಫೋಟೋ ಹೊಡೆಸಿಕೊಂಡವರು. ಎಲ್ಲರೂ ಒಳ್ಳೆಯವರೇ. ಆದರೆ ಯಾರೂ ಎರಡನೇ ಸಲ ಬಂದು ‘ನಿನ್ನ ರಕ್ತದಲ್ಲಿ ಇಂಥದ್ದು ಸಿಕ್ಕಿತು’ ಅಂತ ಹೇಳಲಿಲ್ಲ. ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿನ ಜನ್ಮದ ಪಾಪ ಎಂಬ ಸುಳ್ಳಿಗೆ ಮದ್ದು ಅದೇ. ಸಿಟ್ಟು ಇರುವುದು, ನೋಡುವವನು ಯಾವಾಗಲೂ ನಿಂತಿರುತ್ತಾನೆ, ನೋಡಿಸಿಕೊಳ್ಳುವವನು ಯಾವಾಗಲೂ ಕೂತಿರುತ್ತಾನೆ ಎಂಬ ವ್ಯವಸ್ಥೆಯ ಮೇಲೆ.

ನಮ್ಮಿಬ್ಬರ ಪರಿಚಯ ಗಟ್ಟಿಯಾದದ್ದು ಅಡಿಕೆ ಸುಲಿಯುವ ಅಂಗಳದಲ್ಲಿ. ಮಳೆ ಹಿಂದಾಗಿ ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದು–ಹನ್ನೆರಡರವರೆಗೆ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಕೂತೇ ಮಾಡುವ ಕೆಲಸವಾದ್ದರಿಂದ ಅಜ್ಜಯ್ಯನವರನ್ನು ಸುಲಿಯುವುದರಲ್ಲಿ ಮೀರಿಸುವವರು ಇರಲಿಲ್ಲ. ಕೂಲಿ ಡಬ್ಬದ ಲೆಕ್ಕ. ನಾನು ಒಂದು ಡಬ್ಬ ತುಂಬುವಷ್ಟರಲ್ಲಿ ಅವರದು ಎರಡು ದಾಟುತ್ತಿತ್ತು. ಆ ಅಂಗಳದಲ್ಲಿ ಅಂಗವಿಕಲ ನಾನು. ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ. ಒಬ್ಬ ಮನುಷ್ಯನಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎನ್ನುವುದನ್ನು ಅವನ ಕಾಲು ಮಾತ್ರ ತೀರ್ಮಾನ ಮಾಡುವುದಿಲ್ಲ. ಅವನ ಮುಂದೆ ಮೆಟ್ಟುಗತ್ತಿ ಇಟ್ಟಿದ್ದೀರೋ, ಮೆಟ್ಟಿಲು ಇಟ್ಟಿದ್ದೀರೋ ಎನ್ನುವುದೂ ತೀರ್ಮಾನ ಮಾಡುತ್ತದೆ.

ಅವರು ಸಂತರಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ನಮ್ಮ ಕಥೆಗಳಲ್ಲಿ, ಸಿನಿಮಾಗಳಲ್ಲಿ ಊನ ಇರುವವರು ಬಂದರೆ ಒಂದೋ ದೇವರಂಥವರು, ಇಲ್ಲವೆ ಮಂಥರೆ, ಶಕುನಿ. ನಡುವೆ ಜಾಗವೇ ಇಲ್ಲ. ಅಜ್ಜಯ್ಯ ಬೀಡಿ ಸೇದುತ್ತಿದ್ದರು, ಬಾಯಿ ಕೆಟ್ಟದ್ದು, ಆಟದಲ್ಲಿ ಮೋಸ ಮಾಡುತ್ತಿದ್ದರು. ಮಳೆಗಾಲದ ಮಧ್ಯಾಹ್ನ ಇದ್ದಿಲಿನಲ್ಲಿ ಮನೆ ಬರೆದು ಆಡುಹುಲಿ ಆಡುತ್ತಿದ್ದೆವು. ಯಾವಾಗಲೂ ಹುಲಿ ಅವರದೇ. ‘ಬದುಕಿಡೀ ಆಡಾಗಿ ಆಯ್ತಲ, ಆಟದಲ್ಲಾದ್ರೂ ಹುಲಿ ಆಗ್ತೀನಿ, ಸುಮ್ನೆ ಕೂರು’ ಅನ್ನುವರು. ಆಡುಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕುವ ಹೊತ್ತಿಗೆ ಅವರಿಗೆ ಕೆಮ್ಮು ಬರುತ್ತಿತ್ತು, ಕೆಮ್ಮಿನ ನಡುವೆ ಒಂದು ಹುಣಸೆಬೀಜ ಮಾಯವಾಗುತ್ತಿತ್ತು. ನಾನು ಜಗಳ ಆಡುತ್ತಿದ್ದೆ. ‘ಪಾಪ, ಮುದುಕ, ಬಿಟ್ಟುಬಿಡೋ’ ಅಂತ ನಮ್ಮವ್ವ ಒಳಗಿನಿಂದ ಕೂಗಿದರೆ ಅಜ್ಜಯ್ಯನಿಗೆ ನನ್ನ ಮೇಲಲ್ಲ, ಅವ್ವನ ಮೇಲೆ ಸಿಟ್ಟು ಬರುತ್ತಿತ್ತು. ‘ನೀ ಜಗಳ ಆಡೋ ಮಗಾ. ಬಿಟ್ಟುಕೊಟ್ರೆ ನಾಳೆಯಿಂದ ನಾ ಆಡಲ್ಲ.’

ಕರುಣೆ ಮತ್ತು ಗೆಳೆತನದ ವ್ಯತ್ಯಾಸ ನನಗೆ ಅರ್ಥವಾದದ್ದು ಈ ಮಾತಿನಿಂದ. ಕರುಣೆ ಎದುರಿನವನ ತಪ್ಪನ್ನು ಲೆಕ್ಕಕ್ಕೆ ಇಡುವುದಿಲ್ಲ. ಮಗುವಿನ ತಪ್ಪನ್ನು, ಹುಚ್ಚನ ತಪ್ಪನ್ನು ಬಿಡುವ ಹಾಗೆ ಬಿಟ್ಟುಬಿಡುತ್ತದೆ. ಅಂದರೆ ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ ಅಂತ ಅರ್ಥ. ಅವನ ಮೋಸವನ್ನು ಮೋಸ ಎನ್ನುವವನು ಅವನಿಗೆ ಒಂದು ಸ್ಥಾನ ಕೊಡುತ್ತಾನೆ. ಅವರೂ ನನಗೆ ಹಾಗೆಯೇ. ಮೊದಲು ಬರೆದ ಪದ್ಯವನ್ನು ಅವರಿಗೆ ಓದಿ ಹೇಳಿದೆ. ಕ್ರಾಂತಿಯ ಕೆಂಪು ಸೂರ್ಯ ಅದರಲ್ಲಿ ಮೂರು ಕಡೆ ಉದಯಿಸಿದ್ದ. ಕೇಳಿ ಬೀಡಿ ಹಚ್ಚಿ, ‘ಆಷಾಢದಲ್ಲಿ ಕೂತು ಬರ್ದೀಯ. ಎಂಟು ದಿನದಿಂದ ಸೂರ್ಯ ಕಂಡಿಲ್ಲ. ಮಳೆ ಎಲ್ಲಿ?’ ಅಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಈವರೆಗೆ ಸಿಕ್ಕಿಲ್ಲ.

ಅವರದೊಂದು ಕಟ್ಟುನಿಟ್ಟು ಇತ್ತು. ಕೇಳದೆ ಕೋಲು ಮುಟ್ಟಬಾರದು. ಕೇಳದೆ ತೋಳು ಹಿಡಿದು ಎತ್ತಬಾರದು. ಬಸ್ಸು ಹತ್ತುವಾಗ ಯಾರೋ ಪುಣ್ಯಾತ್ಮ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿದರೆ ಇವರು ಬೈಯುತ್ತಿದ್ದರು. ಸಹಾಯ ಮಾಡಿದವನು ಕಂಗಾಲಾಗುತ್ತಿದ್ದ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆ ಆಗ ಬಸ್ಸಿನಲ್ಲಿ ಯಾರ ಬಾಯಿಂದಲಾದರೂ ಬರುತ್ತಿತ್ತು.

ಈ ನಿಯಮದ ಮುಂದೆ ನಾನು ಬಹಳ ದಿನ ನಿಂತು ಯೋಚನೆ ಮಾಡಿದ್ದೇನೆ. ಯಾಕೆಂದರೆ ನಾವು ಮುಟ್ಟಿಸಿಕೊಳ್ಳದೇ ಬೆಳೆದವರು. ನಮ್ಮನ್ನು ಮುಟ್ಟಿ, ನಮ್ಮ ಲೋಟದಲ್ಲಿ ನೀರು ಕುಡಿಯಿರಿ, ನಿಮ್ಮ ಬಾವಿಗೆ ನಮ್ಮ ಬಿಂದಿಗೆ ಇಳಿಯಲಿ ಎಂದು ಹೋರಾಡಿದ ಜನ. ಮುಟ್ಟುವುದೇ ನಮಗೆ ಸಮಾನತೆಯ ಗುರುತು. ನಮ್ಮದೇ ಕೇರಿಯ ಈ ಮುದುಕ ‘ಮುಟ್ಟಬೇಡ’ ಅನ್ನುತ್ತಾರಲ್ಲ? ಮೊದಲು ತಲೆಬುಡ ಗೊತ್ತಾಗಲಿಲ್ಲ. ನಿಧಾನಕ್ಕೆ ತಿಳಿಯಿತು. ಕೇರಿಯ ದೇಹವನ್ನು ಮೇಲುಜಾತಿಯವನು ಮುಟ್ಟಲಾರದೆ ದೂರ ಇಟ್ಟ. ಊನವಾದ ದೇಹವನ್ನು ಊರಿಗೆ ಊರೇ ಕೇಳದೆ ಮುಟ್ಟುತ್ತದೆ, ಎತ್ತುತ್ತದೆ, ಸರಿಸುತ್ತದೆ, ಬಟ್ಟೆ ಬಿಚ್ಚುತ್ತದೆ. ಎರಡು ಕಡೆಯೂ ತೀರ್ಮಾನ ಮಾಡುವವನು ಬೇರೆಯವನು. ದೇಹ ಮಾತ್ರ ನಮ್ಮದು, ಅದರ ಯಜಮಾನಿಕೆ ನಮ್ಮದಲ್ಲ. ಅಜ್ಜಯ್ಯ ಎರಡೂ ಅವಮಾನಗಳನ್ನು ಒಂದೇ ಮೈಯಲ್ಲಿ ಹೊತ್ತವರು. ಅಡಿಕೆ ಅಂಗಳದಲ್ಲಿ ಅವರಿಗೆ ಚಹಾ ಎತ್ತರದಿಂದ ಸುರಿಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೇಳದೆ ಎತ್ತುತ್ತಿದ್ದರು.

2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಜನ ಅಂಗವಿಕಲರು ಎಂದು ಲೆಕ್ಕಕ್ಕೆ ಸಿಕ್ಕರು. ಪರಿಶಿಷ್ಟ ಜಾತಿಗಳಲ್ಲಿ ನೂರಕ್ಕೆ 2.45, ಪರಿಶಿಷ್ಟ ಜಾತಿ–ಪಂಗಡಗಳಲ್ಲದವರಲ್ಲಿ 2.18. ಅಂತರ ಸಣ್ಣದು ಅನ್ನಿಸಬಹುದು. ಕಲ್ಲು ಕ್ವಾರಿ, ಭಾರ ಹೊರುವ ಕೆಲಸ, ಅರೆಹೊಟ್ಟೆಯ ಬಸುರಿ, ದೂರದ ಆಸ್ಪತ್ರೆ, ಇವೆಲ್ಲ ಯಾರ ಪಾಲಿಗೆ ಹೆಚ್ಚು ಬಂದಿವೆ ಅಂತ ತಿಳಿದವರಿಗೆ ಆ ದಶಾಂಶದ ಅರ್ಥ ತಿಳಿಯುತ್ತದೆ.

ಹೆಸರು ಬದಲಾಯಿಸಿ ಗೌರವ ಕೊಡುವ ಆಟವೂ ಇಬ್ಬರ ಮೇಲೂ ನಡೆದಿದೆ. ಗಾಂಧೀಜಿ ನಮ್ಮನ್ನು ಹರಿಜನ ಅಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ತಂದರು. ದೇವರ ಮಕ್ಕಳಿಗೆ ದೇವಸ್ಥಾನದ ಬಾಗಿಲು ತೆರೆಯಲಿಲ್ಲ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋ ಮಾತಿನಲ್ಲಿ ವಿಕಲಾಂಗ ಬೇಡ, ದಿವ್ಯಾಂಗ ಅನ್ನಿ ಎಂದರು. ದಿವ್ಯವಾದ ಅಂಗ ಎಂದು ಅಜ್ಜಯ್ಯನಿಗೆ ಪೇಪರ್ ಓದಿ ಹೇಳಿದಾಗ ಅವರು ಮಂಡಿ ತೋರಿಸಿ, ‘ರಾತ್ರಿ ಮೂರು ಗಂಟೆಗೆ ಬಾ, ಇದರ ದಿವ್ಯ ತೋರಿಸ್ತೀನಿ’ ಎಂದರು.

ಈಗ ಸಹಾಯದ ಪ್ರಶ್ನೆ. ನಮ್ಮ ದರ್ಶನಶಾಸ್ತ್ರದಲ್ಲಿ ಕುರುಡ–ಹೆಳವರ ಒಂದು ಹಳೆಯ ದೃಷ್ಟಾಂತ ಇದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಇಪ್ಪತ್ತೊಂದನೆಯ ಕಾರಿಕೆಯಲ್ಲಿ ಬರುತ್ತದೆ. ವ್ಯಾಖ್ಯಾನಕಾರರು ಅದನ್ನು ಕಥೆ ಮಾಡಿ ಹೇಳುತ್ತಾರೆ. ಕಾಡಿನಲ್ಲಿ ಜೊತೆಯವರಿಂದ ತಪ್ಪಿಸಿಕೊಂಡ ಒಬ್ಬ ಕುರುಡ, ಒಬ್ಬ ಹೆಳವ. ಹೆಳವ ಕುರುಡನ ಹೆಗಲೇರುತ್ತಾನೆ. ಮೇಲಿನವನು ದಾರಿ ಹೇಳುತ್ತಾನೆ, ಕೆಳಗಿನವನು ನಡೆಯುತ್ತಾನೆ. ಊರು ಸೇರಿದ ಮೇಲೆ ಇಬ್ಬರೂ ಬೇರೆಯಾಗುತ್ತಾರೆ. ಪುರುಷ ನೋಡುತ್ತಾನೆ, ಕೆಲಸ ಮಾಡುವುದಿಲ್ಲ. ಪ್ರಕೃತಿ ಕೆಲಸ ಮಾಡುತ್ತದೆ, ನೋಡುವುದಿಲ್ಲ. ಕಾಲೇಜಿನಲ್ಲಿ ಇದನ್ನು ಪರಸ್ಪರ ಸಹಕಾರದ ಸುಂದರ ಚಿತ್ರ ಅಂತ ಪಾಠ ಮಾಡಿದರು. ನನಗೆ ಕಂಡದ್ದು ಬೇರೆ. ಮೇಲೆ ಕೂತವನಿಗೆ ಜ್ಞಾನ, ಕೆಳಗೆ ಹೊತ್ತವನಿಗೆ ದುಡಿಮೆ. ಈ ಚಿತ್ರವನ್ನು ನಾವು ಬೇರೆ ಕಡೆಯೂ ನೋಡಿದ್ದೇವೆ. ಪಲ್ಲಕ್ಕಿ ಹೊತ್ತವರು, ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ನಿಷೇಧ ತರುವವರೆಗೆ ತಲೆಯ ಮೇಲೆ ಮಲ ಹೊತ್ತವರು, ಅವರೆಲ್ಲ ಆ ಕೆಳಗಿನವನ ವಂಶದವರು. ಇನ್ನೊಂದು ಮಾತು. ಆ ದೃಷ್ಟಾಂತದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಕೇಳುವುದಿಲ್ಲ. ಕೆಲಸ ಮುಗಿದರೆ ಸಂಬಂಧ ಮುಗಿಯಿತು. ಅದು ಕರಾರು.

ಮಳೆಗಾಲದಲ್ಲಿ ನಾನೂ ಅಜ್ಜಯ್ಯನನ್ನು ಬೆನ್ನ ಮೇಲೆ ಹೊತ್ತು ಹಳ್ಳದ ಸಂಕ ದಾಟಿಸಿದ್ದೇನೆ. ಅಡಿಕೆಮರದ ಸಂಕ, ಪಾಚಿ ಕಟ್ಟಿ ಜಾರುತ್ತಿತ್ತು. ‘ಎಡಕ್ಕೆ, ಎಡಕ್ಕೆ ಕಣೋ ಕತ್ತೆ, ನಂಗೆ ಈಜು ಬರಲ್ಲ’ ಅಂತ ಕಿವಿಯ ಹತ್ತಿರ ಕೂಗುತ್ತಿದ್ದರು. ಮೇಲೊಬ್ಬ ಕೆಳಗೊಬ್ಬ, ದಾರಿ ಹೇಳುವವನು ಅವನು, ನಡೆಯುವವನು ನಾನು. ನೋಡಿದವರಿಗೆ ಸಾಂಖ್ಯದ ಚಿತ್ರವೇ. ಆದರೆ ಆಚೆ ದಡದಲ್ಲಿ ನಾವು ಬೇರೆಯಾಗಲಿಲ್ಲ. ಇಳಿದ ಮೇಲೆ ನಾನು ಅವರನ್ನು ಹೊತ್ತೆ ಎಂಬ ಸಂಗತಿ ನಮ್ಮ ಮಾತಿನಲ್ಲಿ ಮತ್ತೆ ಬರುತ್ತಲೂ ಇರಲಿಲ್ಲ. ಸಾಲ ಕೊಟ್ಟವನು, ಸಾಲ ಪಡೆದವನು ಇಬ್ಬರೂ ಲೆಕ್ಕದ ಪುಸ್ತಕ ತೆಗೆಯದೆ ಇರಬೇಕಾದರೆ ಅವರ ನಡುವೆ ಬೇರೆ ಏನೋ ಇರಬೇಕು. ಅದಕ್ಕೇ ನಾನು ಗೆಳೆತನ ಅನ್ನುತ್ತಿದ್ದೇನೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಒಂದು ಸಿಹಿ ಸುಳ್ಳು ಬರೆದ ಹಾಗೆ. ಯಾಕೆಂದರೆ ಗೆಳೆತನ ಬೆನ್ನ ಮೇಲೆ ಹೊತ್ತು ದಾಟಿಸಲಾಗದ ಹಳ್ಳಗಳಿವೆ.

ನನಗೆ ಹಾಸ್ಟೆಲಿಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ಅವರಿಗೆ ಪಿಂಚಣಿಗೆ ಅಂಗವಿಕಲತೆಯ ಪ್ರಮಾಣಪತ್ರ ಬೇಕಿತ್ತು. ವಯಸ್ಸಿನ ದಾಖಲೆ ಇಲ್ಲ ಎಂದು ವೃದ್ಧಾಪ್ಯ ವೇತನದ ಅರ್ಜಿ ಅದಾಗಲೇ ವಾಪಸ್ ಬಂದಿತ್ತು. ಒಂದೇ ದಿನ, ಒಂದೇ ಬಸ್ಸಿನಲ್ಲಿ ಹೋದೆವು. ಯಾವ ಮಾತಿನಿಂದ ಊರು ನಮ್ಮನ್ನು ಬೈಯುತ್ತದೋ ಅದೇ ಮಾತನ್ನು ಸೀಲು ಹಾಕಿ ಕೊಡಿ ಅಂತ ಇಬ್ಬರೂ ಅರ್ಜಿ ಹಿಡಿದು ನಿಂತೆವು. ನನ್ನದು ಆಯಿತು. ಅವರದು ಆಗಲಿಲ್ಲ. ವೈದ್ಯರು ಅಳೆಯಬೇಕು, ನೂರಕ್ಕೆ ನಲವತ್ತಾದರೂ ಊನ ಇರಬೇಕು, ಅಳೆಯುವ ಕ್ಯಾಂಪು ಮುಂದಿನ ತಿಂಗಳು ಇಂಥ ದಿನ ಎಂದರು. ಅಳತೆಯ ಮಾತು ಬಂದರೆ ನಮ್ಮ ಕಡೆಯವರಿಗೆ ಕಾಗೋಡು ನೆನಪಾಗುತ್ತದೆ. 1951ರ ಆ ಸತ್ಯಾಗ್ರಹದ ಹಿಂದೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು. ಕೊಳಗ ಯಾರ ಕೈಯಲ್ಲಿದೆ ಎನ್ನುವುದು ಈಗಲೂ ಪ್ರಶ್ನೆಯೇ.

ಕ್ಯಾಂಪಿನ ದಿನ ನನಗೆ ಪರೀಕ್ಷೆ ಇತ್ತು. ಅವರ ಮಗ ಘಟ್ಟದ ಕೆಳಗೆ ಕೂಲಿಗೆ ಹೋಗಿದ್ದ. ಬೇರೆ ಯಾರೂ ಇರಲಿಲ್ಲ. ಪರೀಕ್ಷೆ ಬಿಟ್ಟು ಬರುತ್ತೇನೆ, ಆಮೇಲೆ ಮತ್ತೆ ಕಟ್ಟುತ್ತೇನೆ ಎಂದೆ. ಅಜ್ಜಯ್ಯ ಒಪ್ಪಲಿಲ್ಲ. ‘ನೀ ಪರೀಕ್ಷೆ ಬಿಟ್ಟು ಬಂದ್ರೆ ನಾ ಬಸ್ಸಿಂದ ಇಳಿಯಲ್ಲ. ಹಂಗೇ ವಾಪಸ್ ಬತ್ತೀನಿ, ನೋಡು.’ ಅವರು ಕ್ಯಾಂಪಿಗೆ ಹೋಗಲಿಲ್ಲ. ಪತ್ರ ಸಿಕ್ಕಿದ್ದು ಒಂದು ವರ್ಷದ ಮೇಲೆ. ನೂರಕ್ಕೆ ಅರವತ್ತು ಎಂದು ಬರೆದಿತ್ತು. ‘ಹಂಗಾದ್ರೆ ನಲವತ್ತು ಸರಿ ಇದೀನಿ ಅಂತಾಯ್ತು’ ಎಂದು ನಕ್ಕರು. ಒಂದು ವರ್ಷದ ಪಿಂಚಣಿ ಹೋಯಿತು.

ಈ ಘಟನೆಯನ್ನು ಕೇಳಿದ ಗೆಳೆಯರು ‘ಎಂಥಾ ತ್ಯಾಗ’ ಎನ್ನುತ್ತಾರೆ. ನನಗೆ ಆ ಪದ ಕೇಳಿದರೆ ಮೈ ಉರಿಯುತ್ತದೆ. ನಾನು ಪರೀಕ್ಷೆ ಬಿಟ್ಟಿದ್ದರೆ ಅದನ್ನೂ ತ್ಯಾಗ ಅನ್ನುತ್ತಿದ್ದರು. ಒಬ್ಬ ಮುದುಕ, ಒಬ್ಬ ಹುಡುಗ, ಇಬ್ಬರಲ್ಲಿ ಯಾರು ಕಳೆದುಕೊಳ್ಳಬೇಕು ಎಂದು ಅವರೇ ಕೂತು ಹಂಚಿಕೊಳ್ಳಬೇಕಾಗಿ ಬಂದದ್ದೇ ಅನ್ಯಾಯ. ಮುಪ್ಪು, ಕಾಯಿಲೆ, ಅಂಗವೈಕಲ್ಯಗಳಲ್ಲಿ ಪ್ರಜೆಗೆ ಸರ್ಕಾರ ನೆರವಾಗಬೇಕು ಎಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ ನೇರವಾಗಿ ಕೇಳುವ ಹಾಗಿಲ್ಲ. ನೂರಕ್ಕೆ ಎಂಬತ್ತರಷ್ಟು ಊನ ಇರುವ ಬಡವರಿಗೆ ಕೇಂದ್ರ ಸರ್ಕಾರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿ ಆಯಿತು. ಹತ್ತು ವರ್ಷ ಕಳೆದ ಮೇಲೂ ಅದು 300ರಲ್ಲೇ ನಿಂತಿತ್ತು. ರಾಜ್ಯ ತನ್ನದನ್ನು ಸೇರಿಸುತ್ತದೆ, ನಿಜ. 2016ರ ಹೊಸ ಕಾಯ್ದೆ 1995ರ ಕಾಯ್ದೆಯ ಏಳು ಬಗೆಯ ಊನಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಸಮುದಾಯದ ನಡುವೆ ಬದುಕುವ ಹಕ್ಕನ್ನು, ಅದಕ್ಕೆ ಬೇಕಾದ ಸಹಾಯಕರ ವ್ಯವಸ್ಥೆಯನ್ನು ಐದನೆಯ ಸೆಕ್ಷನ್ನಿನಲ್ಲಿ ಬರೆಯಿತು. ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಬಂದ ಐದು ವರ್ಷದೊಳಗೆ ಎಲ್ಲರೂ ಹೋಗಿಬರುವಂತೆ ಮಾಡಬೇಕು ಎಂದಿತು. ನಿಯಮಗಳು ಬಂದದ್ದು 2017ರಲ್ಲಿ. ನಿಮ್ಮ ಹೋಬಳಿಯ ಕಚೇರಿಗೆ ಎಷ್ಟು ಮೆಟ್ಟಿಲಿವೆ, ಹೋಗಿ ಎಣಿಸಿ.

ಹಳ್ಳಿಯಲ್ಲಿ ಆ ‘ಸಹಾಯಕ’ ಯಾರು ಅಂತ ನಮಗೆಲ್ಲ ಗೊತ್ತು. ಕುರುಡನ ಕೋಲಿನ ಇನ್ನೊಂದು ತುದಿ ಹಿಡಿದು ಮುಂದೆ ನಡೆಯುವ ಹತ್ತು–ಹನ್ನೆರಡರ ಹುಡುಗ. ಮೇಷ್ಟ್ರುಗಳ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಇರುತ್ತದೆ. ಅವನೂ ತನ್ನ ಅಜ್ಜನನ್ನು ಪ್ರೀತಿಸುತ್ತಾನೆ. ಆ ಪ್ರೀತಿಯನ್ನೇ ತೋರಿಸಿ, ನೋಡಿ ನಮ್ಮ ಸಂಸ್ಕೃತಿ, ನಮ್ಮಲ್ಲಿ ವೃದ್ಧರನ್ನು ಮನೆಯವರೇ ನೋಡಿಕೊಳ್ಳುತ್ತಾರೆ ಎಂದು ಭಾಷಣ ಮಾಡುವವರಿದ್ದಾರೆ. ಹುಡುಗನ ಶಾಲೆಯನ್ನು ತಿಂದು ಬದುಕುವ ಸಂಸ್ಕೃತಿ ಅದು. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಅಜ್ಜಯ್ಯನ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಬಿಸಿನೀರು ಕಾಯಿಸಿ ಮಂಡಿಗೆ ಶಾಖ ಕೊಟ್ಟವಳು, ಬಹಿರ್ದೆಸೆಗೆ ಕೂರಿಸಿ ತೊಳೆದವಳು ಅವರ ಸೊಸೆ. ನಾನು ಆಡುಹುಲಿ ಆಡಿದ್ದಕ್ಕೆ ಗೆಳೆತನ ಎಂಬ ದೊಡ್ಡ ಹೆಸರು, ಪತ್ರಿಕೆಯಲ್ಲಿ ಲೇಖನ. ಆಕೆ ಮಾಡಿದ್ದಕ್ಕೆ ಹೆಸರಿಲ್ಲ, ಕೂಲಿ ಇಲ್ಲ, ರಜೆ ಇಲ್ಲ. ಆಕೆಯನ್ನು ಕೇಳಿದರೆ ಅಜ್ಜಯ್ಯನ ಬಗ್ಗೆ ಬೇರೆಯೇ ಲೇಖನ ಬರಬಹುದು.

ಹಾಗಾದರೆ ಗೆಳೆತನಕ್ಕೆ ಏನು ಬೆಲೆ? ಹಕ್ಕು ಇಲ್ಲದ ಕಡೆ ಗೆಳೆತನ ಕೋಲಾಗುತ್ತದೆ, ಹಾಸಿಗೆಯಾಗುತ್ತದೆ, ಬಸ್ಸಿನ ಮೆಟ್ಟಿಲಾಗುತ್ತದೆ. ಅಷ್ಟು ಭಾರಕ್ಕೆ ಅದು ಬೇಗ ಮುರಿಯುತ್ತದೆ. ಹಕ್ಕು ಮಾತ್ರ ಇದ್ದು ಗೆಳೆತನ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಬಾಬಾಸಾಹೇಬರ ಕಡೆ ತಿರುಗಬೇಕು. 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ ಧ್ಯೇಯ ನಿರ್ಣಯದಲ್ಲಿ ಭ್ರಾತೃತ್ವ ಎಂಬ ಪದ ಇರಲಿಲ್ಲ. ಅಂಬೇಡ್ಕರ್ ಅಧ್ಯಕ್ಷರಾಗಿದ್ದ ಕರಡು ಸಮಿತಿ ಅದನ್ನು ಪೀಠಿಕೆಗೆ ಸೇರಿಸಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅವರು, ಭ್ರಾತೃತ್ವ ಇಲ್ಲದೆ ಸ್ವಾತಂತ್ರ್ಯ ಸಮಾನತೆಗಳು ತಾವಾಗಿ ನಡೆಯಲಾರವು, ಅವನ್ನು ನಡೆಸಲು ಪೊಲೀಸಿನವನು ಬೇಕಾಗುತ್ತಾನೆ ಎಂಬ ಅರ್ಥದ ಮಾತನ್ನು ಹೇಳಿದರು. ಇಳಿಜಾರನ್ನು ಕಾನೂನು ಕಟ್ಟಿಸಬಹುದು. ಅದರ ಮೇಲೆ ಸ್ಕೂಟರ್ ನಿಲ್ಲಿಸದೆ ಇರಲು ಬೇರೆ ಏನೋ ಬೇಕು.

ಅವರ ಕೊನೆಯ ಪುಸ್ತಕ ‘ಬುದ್ಧ ಮತ್ತು ಅವನ ಧಮ್ಮ’ 1957ರಲ್ಲಿ, ಅವರು ತೀರಿಕೊಂಡ ಮೇಲೆ ಬಂತು. ಅದರಲ್ಲಿ ಕರುಣೆ ಬೇರೆ, ಮೈತ್ರಿ ಬೇರೆ ಎಂದು ಬಿಡಿಸುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಅದನ್ನೂ ದಾಟಿ ಜೀವಿಗಳೆಲ್ಲದರ ಮೇಲಿನ ಪ್ರೀತಿ, ಬುದ್ಧ ಕರುಣೆಗೆ ನಿಲ್ಲದೆ ಮೈತ್ರಿಗೆ ಹೋದ ಅಂತ ಅವರ ವಿವರಣೆ. ಅಲ್ಲಿ ಅವರು ಹೇಳುವುದು ವಿಸ್ತಾರದ ಮಾತು. ನಾನು ಅದಕ್ಕೆ ಅಡಿಕೆ ಅಂಗಳದಿಂದ ಒಂದು ಮಾತು ಸೇರಿಸುತ್ತೇನೆ. ಕರುಣೆಗೆ ಮೇಲು ಕೆಳಗು ಇರುತ್ತದೆ. ಮೈತ್ರಿಯಲ್ಲಿ ಕೆಳಗೆ ಕೂತವನಿಗೂ ಬೈಯುವ ಹಕ್ಕಿರುತ್ತದೆ, ಬೇಡ ಎನ್ನುವ ಹಕ್ಕಿರುತ್ತದೆ. ಅಜ್ಜಯ್ಯ ಕ್ಯಾಂಪಿಗೆ ಬರಲೊಲ್ಲೆ ಎಂದು ಚಲಾಯಿಸಿದ್ದು ಆ ಹಕ್ಕನ್ನೇ. ಅದಕ್ಕೆ ಅವರು ತೆತ್ತ ಬೆಲೆಯ ಬಗ್ಗೆ ನನ್ನ ಸಿಟ್ಟು ಇಳಿದಿಲ್ಲ, ಆದರೆ ನಿರ್ಧಾರ ಅವರದಾಗಿತ್ತು.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅವರು ಹೋದರು.

ಕೊನೆಗೆ ನಮ್ಮ ಚಳವಳಿಯವರಿಗೆ ಎರಡು ಮಾತು. ನಮ್ಮ ಪದ್ಯಗಳನ್ನು, ಕರಪತ್ರಗಳನ್ನು ತೆಗೆದು ನೋಡಿ. ಕುರುಡು ಸಮಾಜ, ಕಿವುಡು ಸರ್ಕಾರ, ಹೆಳವ ವ್ಯವಸ್ಥೆ, ಕುಂಟು ನೆಪ. ಶೋಷಕನನ್ನು ಬೈಯಲು ನಮಗೆ ಸಿಕ್ಕಿದ್ದು ನಮ್ಮದೇ ಕೇರಿಯ ಮುದುಕರ ಮೈಯೇ? ಜಾತಿಯ ಹೆಸರನ್ನು ಬೈಗುಳ ಮಾಡಿದರೆ ಕೇಸು ಹಾಕುವ ನಾವು, ಇದನ್ನು ಯಾವ ಬಾಯಲ್ಲಿ ಸಮರ್ಥನೆ ಮಾಡುವುದು? ಸರ್ಕಾರ ಕಿವುಡಲ್ಲ. ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ. ಕೇಳಿಸಿಕೊಂಡೂ ಸುಮ್ಮನಿರುವವನಿಗೆ ಬೇರೆ ಪದ ಹುಡುಕುವುದು ಕವಿಗಳ ಕೆಲಸ.

ಇನ್ನೊಂದು. ಮುಂದಿನ ತಿಂಗಳ ನಮ್ಮ ಕವಿಗೋಷ್ಠಿ ಮತ್ತೆ ಅದೇ ಮಹಡಿಯ ಮೇಲಿನ ಹಾಲಿನಲ್ಲಿ ಇದೆ. ಇಪ್ಪತ್ತೆರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದೇ ಕಡೆ ಕಂಬಿ. ಎದುರಿಗೇ ಸರ್ಕಾರಿ ಶಾಲೆಯ ಅಂಗಳ ಇದೆ, ಭಾನುವಾರ ಖಾಲಿ. ಹೆಡ್‌ಮೇಷ್ಟ್ರು ನಮ್ಮ ಪತ್ರಿಕೆಯ ಚಂದಾದಾರರು, ಕೇಳಿದರೆ ಕೊಡುತ್ತಾರೆ. ಶಾಮಿಯಾನದ ಬಾಡಿಗೆ ಎಷ್ಟಾಗುತ್ತದೆ ಅಂತ ನಾನು ವಿಚಾರಿಸುತ್ತೇನೆ. ಬೆಂಚು ಎತ್ತಿಡಲು ನಾಲ್ಕು ಜನ ಬೇಗ ಬರಬೇಕು.